ಹ್ಯಾಲೋವೀನ್ (1978): ಕ್ಯಾಮೆರಾ ನಿಂತ ಜಾಗದಲ್ಲೇ ಭಯ

ಮಾಧ್ಯಮ ಅಧ್ಯಯನದ ಪರಿಕಲ್ಪನೆಗಳನ್ನು ಇಟ್ಟುಕೊಂಡು ಬಿಡಿಸಿ ನೋಡಲು ಒಂದು ಹಾರರ್ ಸಿನಿಮಾ ಬೇಕೆಂದರೆ ಜಾನ್ ಕಾರ್ಪೆಂಟರ್ ನಿರ್ದೇಶನದ ‘ಹ್ಯಾಲೋವೀನ್’ಗೆ ಸಾಟಿ ಸಿಗುವುದು ಕಷ್ಟ. ಅವಧಿ 91 ನಿಮಿಷ, ಕಥೆ ಒಂದೆಳೆಯದು. ಆರನೇ ವಯಸ್ಸಿನಲ್ಲಿ ಅಕ್ಕನನ್ನು ಕೊಂದ ಮೈಕೆಲ್ ಮೈಯರ್ಸ್ 15 ವರ್ಷಗಳ ನಂತರ ಮಾನಸಿಕ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಹುಟ್ಟೂರಿಗೆ ಬರುತ್ತಾನೆ; ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಒಪ್ಪಿಕೊಂಡ ಲಾರಿ ಎಂಬ ಹುಡುಗಿಯ ಬೆನ್ನು ಬೀಳುತ್ತಾನೆ. ರಕ್ತವಂತೂ ಪರದೆ ಮೇಲೆ ಕಾಣುವುದೇ ಅಪರೂಪ. ಹಾಗಾಗಿ ‘ಭಯ ಎಲ್ಲಿಂದ ಹುಟ್ಟಿತು?’ ಎಂಬ ಪ್ರಶ್ನೆಗೆ ಕಥೆಯನ್ನೋ ಕ್ರೌರ್ಯವನ್ನೋ ತೋರಿಸಿ ನುಣುಚಿಕೊಳ್ಳಲಾಗದು. ಚೌಕಟ್ಟು, ಬೆಳಕು, ಸದ್ದು, ಈ ಮೂರರಲ್ಲೇ ಉತ್ತರ ಹುಡುಕಬೇಕು.

ಮೊದಲ ದೃಶ್ಯವೇ ಅರ್ಧ ಪಾಠ. 1963ರ ಹ್ಯಾಲೋವೀನ್ ರಾತ್ರಿ. ಕ್ಯಾಮೆರಾ ಮನೆಯ ಸುತ್ತ ಸುಳಿಯುತ್ತದೆ, ಕಿಟಕಿಯಲ್ಲಿ ಇಣುಕುತ್ತದೆ, ಹಿಂಬಾಗಿಲಿನಿಂದ ಅಡುಗೆಮನೆಗೆ ಬಂದು ಚಾಕು ತೆಗೆದುಕೊಳ್ಳುತ್ತದೆ, ಮೆಟ್ಟಿಲು ಹತ್ತುತ್ತದೆ. ಮುಖವಾಡ ತೊಟ್ಟ ಕೂಡಲೇ ಚೌಕಟ್ಟು ಎರಡು ಕಣ್ಣುರಂಧ್ರಗಳಷ್ಟಕ್ಕೆ ಇಳಿಯುತ್ತದೆ. ಮೈಗೆ ಕಟ್ಟಿಕೊಂಡು ನಡೆಯುವ ಪ್ಯಾನಾಗ್ಲೈಡ್ ಕ್ಯಾಮೆರಾದಲ್ಲಿ ತೆಗೆದ ಈ ಭಾಗ ಒಂದೇ ಶಾಟ್‌ನಂತೆ ಕಂಡರೂ ಒಳಗೆ ಕಟ್ ಅಡಗಿದೆ. ಮುಖವಾಡ ಹಾಕಿಕೊಳ್ಳುವ ಜಾಗದಲ್ಲಿ ನಿಲ್ಲಿಸಿ ನೋಡಿದರೆ ಸಿಗುತ್ತದೆ. ಸಿನಿಮಾ ಹೆಣ್ಣನ್ನು ಗಂಡಿನ ಕಣ್ಣಿನಿಂದ ನೋಡಿಸುತ್ತದೆ ಎಂದು ಚಿತ್ರ ಸಿದ್ಧಾಂತಿ ಲಾರಾ ಮಲ್ವಿ 1975ರಲ್ಲಿ ಬರೆದ ‘ಪುರುಷ ನೋಟ’ದ ವಾದವನ್ನು ಇಲ್ಲಿಗೆ ಅನ್ವಯಿಸದ ವಿದ್ಯಾರ್ಥಿಯೇ ಇಲ್ಲ. ಅರೆಬಟ್ಟೆಯಲ್ಲಿರುವ ಹುಡುಗಿಯನ್ನು ಕದ್ದು ನೋಡುವ ಕಣ್ಣು ಕೊಲೆಗಾರನದು, ಆ ಕಣ್ಣನ್ನು ನಮಗೆ ತೊಡಿಸಲಾಗಿದೆ. ಇಷ್ಟು ಸರಿ. ಆದರೆ ಅಲ್ಲಿಗೇ ನಿಲ್ಲಿಸಿದರೆ ಉತ್ತರ ಅರೆಬೆಂದದ್ದು. ಕ್ಯಾಮೆರಾ ಇರುವ ಎತ್ತರ ಗಮನಿಸಿ: ಅದು ದೊಡ್ಡವರ ಕಣ್ಣಿನ ಮಟ್ಟ. ಮುಖವಾಡ ಕಳಚಿದಾಗ ಎದುರಿಗಿರುವುದು ಆರು ವರ್ಷದ ಹುಡುಗ. ಗಂಡಸಿನ ನೋಟವೆಂದು ನಾವು ಒಪ್ಪಿಕೊಂಡದ್ದು ಮಗುವಿನದಾಗಿತ್ತು ಎಂಬ ಆಘಾತಕ್ಕೆ ಈ ಸುಳ್ಳು ಎತ್ತರವೇ ಕಾರಣ. ಮಲ್ವಿಯ ವಾದ ಬಲಗೊಳ್ಳುವುದೂ ಅಲುಗಾಡುವುದೂ ಇದೇ ಕಡೆ.

ಪ್ರಬಂಧಗಳಲ್ಲಿ ಪದೇ ಪದೇ ಕಾಣುವ ತಪ್ಪು, ‘ಸಿನಿಮಾ ಪೂರ್ತಿ ಕೊಲೆಗಾರನ ಕಣ್ಣಿನಿಂದ ಸಾಗುತ್ತದೆ’ ಎಂಬ ಮಾತು. ಹಾಗಿಲ್ಲ. 1978ಕ್ಕೆ ಬಂದ ಮೇಲೆ ಕ್ಯಾಮೆರಾ ಹೆಚ್ಚಾಗಿ ಅವನ ಪಕ್ಕದಲ್ಲೋ ಹಿಂದೆಯೋ ಇರುತ್ತದೆ. ಬೀದಿ ಖಾಲಿಯಿದೆ ಎಂದುಕೊಳ್ಳುವಷ್ಟರಲ್ಲಿ ಚೌಕಟ್ಟಿನ ಅಂಚಿನಿಂದ ಒಂದು ಭುಜ ಒಳಬರುತ್ತದೆ, ಉಸಿರಾಟ ಕೇಳಿಸುತ್ತದೆ. ಭುಜ ಕಂಡರೆ ಅದು ಅವನ ನೋಟವಲ್ಲ, ಅವನನ್ನು ನೋಡುತ್ತಿರುವ ನೋಟ. ಈ ವ್ಯತ್ಯಾಸ ಬರೆದರೆ ಮಾತ್ರ ವಿಶ್ಲೇಷಣೆ, ಇಲ್ಲದಿದ್ದರೆ ಬರೀ ಪರಿಭಾಷೆ.

ಡೀನ್ ಕಂಡಿ ಅವರ ಛಾಯಾಗ್ರಹಣ ಅಗಲ ಪರದೆಯದು, ಅನುಪಾತ 2.35:1. ಅಗ್ಗದ ಚಿತ್ರಕ್ಕೆ ಇಷ್ಟು ಅಗಲ ಏಕೆ ಎಂದರೆ, ಪಾತ್ರವನ್ನು ಒಂದು ಬದಿಗಿಟ್ಟು ಉಳಿದ ಜಾಗವನ್ನು ಖಾಲಿ ಬಿಡಲು. ಆ ಖಾಲಿಯನ್ನು ತುಂಬಲು ನಮ್ಮ ಕಣ್ಣು ತಾನೇ ಹುಡುಕಾಡತೊಡಗುತ್ತದೆ. ಲಾರಿ ಕತ್ತಲ ಬಾಗಿಲಿನ ಪಕ್ಕ ಅಳುತ್ತ ನಿಂತಿರುವಾಗ ಹಿಂದಿನ ಕಪ್ಪಿನಲ್ಲಿ ಬಿಳಿ ಮುಖವಾಡ ಮೆಲ್ಲಗೆ ಮೂಡುವ ಶಾಟ್ ಇದೆಯಲ್ಲ, ಅಲ್ಲಿ ನಟ ಎಲ್ಲಿಂದಲೋ ನಡೆದು ಬರುವುದಿಲ್ಲ. ಡಿಮ್ಮರ್‌ನಲ್ಲಿ ಸಣ್ಣ ದೀಪದ ಬೆಳಕನ್ನು ಏರಿಸಿದ್ದಾರೆ, ಅಷ್ಟೆ. ಮಿಜಾನ್ಸೆನ್, ಅಂದರೆ ಚೌಕಟ್ಟಿನೊಳಗೆ ಪಾತ್ರ, ವಸ್ತು, ಬೆಳಕುಗಳನ್ನು ಜೋಡಿಸುವ ಬಗೆ, ಅದರ ಬಗ್ಗೆ ಒಂದೇ ಉದಾಹರಣೆ ಕೊಡುವುದಿದ್ದರೆ ಇದನ್ನೇ ಕೊಡಿ.

ಸಂಗೀತವೂ ಕಾರ್ಪೆಂಟರ್ ಅವರದೇ. ಚಿತ್ರದ ಮುಖ್ಯ ಮಟ್ಟು ಐದರ ಎಣಿಕೆಯದು. ಅದರ ಹತ್ತು ಸ್ವರಗಳಿಗೆ ‘ತಕಿಟ ತಕಿಟ ತಕ ತಕ’ ಎಂದು ಹೇಳಿಕೊಂಡು ತಾಳ ಹಾಕಿ ನೋಡಿ, ಕೂಡುತ್ತದೆ. ನಾಲ್ಕರ ಎಣಿಕೆಗೆ ಒಗ್ಗಿದ ಕಿವಿಗೆ ಪ್ರತಿ ಸುತ್ತಿನಲ್ಲೂ ಏನೋ ಎಡವಿದಂತಾಗುತ್ತದೆ, ನೆಮ್ಮದಿಯ ನಿಲುಗಡೆ ಸಿಗುವುದಿಲ್ಲ. ಇದು ಪಾತ್ರಗಳಿಗೆ ಕೇಳಿಸದ, ಅಂದರೆ ಕಥಾಲೋಕದ ಹೊರಗಿನ ಸದ್ದು. ಮೈಕೆಲ್‌ನ ಉಸಿರು ಕಥಾಲೋಕದ ಒಳಗಿನದು. ಕೊನೆಗೆ ಖಾಲಿ ಮೆಟ್ಟಿಲು, ಖಾಲಿ ಕೋಣೆ, ಖಾಲಿ ಮನೆಗಳ ಶಾಟ್‌ಗಳ ಮೇಲೆ ಅದೇ ಉಸಿರು ಹರಿದಾಗ ಒಳಗು-ಹೊರಗಿನ ಗೆರೆ ಅಳಿಸಿಹೋಗುತ್ತದೆ. ಉಸಿರಾಡುವವನು ಎಲ್ಲಿದ್ದಾನೆಂದು ಚಿತ್ರ ಹೇಳುವುದೇ ಇಲ್ಲ. ಕಥೆ ಸಾಗುವ ಬಗೆಗೆ ಸಿದ್ಧಾಂತಿ ಟೊಡೊರೋವ್ ಹೇಳುವ ಸಮತೋಲನ, ಭಂಗ, ಹೊಸ ಸಮತೋಲನದ ಮಾದರಿಯಲ್ಲಿ ಮೂರನೆಯದು ಇಲ್ಲಿ ಬರುವುದಿಲ್ಲ. ಬಾರ್ತ್‌ನ ರಹಸ್ಯ ಸಂಕೇತ, ಅಂದರೆ ಕಥೆ ಹುಟ್ಟಿಸುವ ಒಗಟು, ಬಿಡಿಸದೆ ಉಳಿಯುತ್ತದೆ. ಮಾದರಿ ಹೊಂದಲಿಲ್ಲವೆಂದು ಬಲವಂತವಾಗಿ ಹೊಂದಿಸಬೇಡಿ. ಹೊಂದದಿರುವುದನ್ನೇ ಬರೆಯಿರಿ, ಅಂಕ ಅಲ್ಲಿದೆ.

ಚಿತ್ರ ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರಲ್ಲಿ ರೂಪಿಸಿದ ‘ಫೈನಲ್ ಗರ್ಲ್’ (ಕೊಲೆಗಾರನನ್ನು ಎದುರಿಸಿ ಕೊನೆಗೆ ಉಳಿಯುವ ಹುಡುಗಿ) ಪರಿಕಲ್ಪನೆಗೆ ಲಾರಿ ಮಾದರಿ ಹುಡುಗಿ ಎನ್ನುವುದು ವಾಡಿಕೆ. ಅರ್ಧ ನಿಜ. ಸ್ವೆಟರ್ ಹೆಣೆಯುವ ಕಡ್ಡಿ, ಬಟ್ಟೆಯ ಹ್ಯಾಂಗರ್, ಅವನದೇ ಚಾಕು, ಮೂರರಿಂದಲೂ ಅವಳು ತಿರುಗಿ ಹೊಡೆಯುತ್ತಾಳೆ. ಆದರೆ ಕೊನೆಗೆ ಆರು ಗುಂಡು ಹಾರಿಸಿ ಅವಳನ್ನು ಉಳಿಸುವವರು ಮೈಕೆಲ್‌ನ ಮನೋವೈದ್ಯ ಡಾ. ಲೂಮಿಸ್. ಇನ್ನು ‘ಕೆಟ್ಟ ಹುಡುಗಿಯರು ಸಾಯುತ್ತಾರೆ, ಒಳ್ಳೆಯವಳು ಉಳಿಯುತ್ತಾಳೆ’ ಎಂಬ ನೀತಿಪಾಠದ ಓದು. ಲಾರಿ ಗೆಳತಿಯ ಕಾರಿನಲ್ಲಿ ಕೂತು ಗಾಂಜಾ ಸೇದುವುದು ಆ ಓದಿಗೆ ಒಗ್ಗುವುದಿಲ್ಲ. ಕಾರ್ಪೆಂಟರ್ ಕೂಡ ಅದನ್ನು ಒಪ್ಪಿಲ್ಲ. ಉಳಿದವರ ಗಮನ ಬೇರೆಡೆ ಇತ್ತು, ಇವಳ ಗಮನ ಸುತ್ತಲಿನ ಮೇಲಿತ್ತು ಎಂಬುದು ಅವರ ವಾದ. ನಿರ್ದೇಶಕನ ಮಾತೇ ಕೊನೆಯ ಮಾತಲ್ಲ ಎನ್ನಲು ಸ್ಟುವರ್ಟ್ ಹಾಲ್ ಅವರ ಎನ್‌ಕೋಡಿಂಗ್, ಡಿಕೋಡಿಂಗ್ ಇದೆ: ಕಟ್ಟಿದವರು ಇಟ್ಟ ಅರ್ಥವನ್ನು ನೋಡುಗ ಬೇರೆಯಾಗಿಯೂ, ಅದನ್ನು ವಿರೋಧಿಸಿಯೂ ಓದಬಲ್ಲ ಎಂಬ ವಾದ. ಆದರೆ ಪ್ರತಿರೋಧದ ಓದಿಗೂ ಪರದೆಯ ಮೇಲೆ ಪುರಾವೆ ಬೇಕು.

ಉದ್ಯಮದ ಪಾಠಕ್ಕೂ ಸರಕಿದೆ. ವೆಚ್ಚ 3 ಲಕ್ಷ ಡಾಲರ್ ಆಸುಪಾಸು. ಮುಖವಾಡ ಎಂದರೆ ಸ್ಟಾರ್ ಟ್ರೆಕ್‌ನ ಕ್ಯಾಪ್ಟನ್ ಕರ್ಕ್ ಮುಖಕ್ಕೆ ಬಿಳಿ ಬಣ್ಣ ಬಳಿದು, ಕಣ್ಣಿನ ತೂತು ದೊಡ್ಡದು ಮಾಡಿದ್ದು. ಕಥೆ ಅಮೆರಿಕದ ಇಲಿನಾಯ್ ರಾಜ್ಯದ, ಎಲೆ ಉದುರುವ ಕಾಲದ್ದು; ಚಿತ್ರೀಕರಣ ವಸಂತದ ಕ್ಯಾಲಿಫೋರ್ನಿಯಾದಲ್ಲಿ. ಹಾಗಾಗಿ ಎಲೆಗಳಿಗೆ ಬಣ್ಣ ಹಚ್ಚಿ ಬೀದಿಗೆ ಸುರಿದರು. ಹಿನ್ನೆಲೆಯಲ್ಲಿ ತಾಳೆಮರ ಮಾತ್ರ ಉಳಿದುಬಿಟ್ಟಿದೆ, ಹುಡುಕಿ. ‘ಸೈಕೋ’ (1960) ನಾಯಕಿ ಜಾನೆಟ್ ಲೀ ಅವರ ಮಗಳು ಜೇಮಿ ಲೀ ಕರ್ಟಿಸ್ ಇಲ್ಲಿ ಲಾರಿ. ಲೂಮಿಸ್ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು. ಅಂತರ್‌ಪಠ್ಯತೆಗೆ, ಅಂದರೆ ಒಂದು ಕೃತಿ ಇನ್ನೊಂದನ್ನು ನೆನಪಿಸುವುದಕ್ಕೆ, ಇಷ್ಟು ಸಾಕು.

ನಮ್ಮ ಕಡೆಯ ವೀಕ್ಷಕರಿಗೆ ಒಂದು ಸೂಚನೆ. ಅಕ್ಟೋಬರ್ 31ರ ರಾತ್ರಿ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಸಿಹಿ ಕೇಳುವ ಪದ್ಧತಿ ಗೊತ್ತಿಲ್ಲದಿದ್ದರೆ, ಮುಖವಾಡದವನು ಬೀದಿಯಲ್ಲಿ ನಿಂತರೂ ಯಾರಿಗೂ ಅನುಮಾನ ಬಾರದಿರುವುದು ಚಿತ್ರಕಥೆಯ ದೋಷದಂತೆ ಕಾಣುತ್ತದೆ. ಆ ಒಂದು ರಾತ್ರಿ ಅದು ಯಾರಿಗೂ ವಿಚಿತ್ರವಲ್ಲ.

ಕೊರತೆಯೂ ಇದೆ. ಮೈಕೆಲ್ ‘ಕೇವಲ ಕೆಡುಕು’ ಎಂದು ಲೂಮಿಸ್ ಬಾಯಲ್ಲಿ ಹೇಳಿಸುವ ಸಂಭಾಷಣೆ ಅತಿಯಾಯಿತು. ಚಿತ್ರ ಬಾಯಿ ಮುಚ್ಚಿಕೊಂಡಾಗಲೇ ಚೆನ್ನಾಗಿದೆ.

ನೋಡುವ ಮುನ್ನ ಪ್ರತಿಯನ್ನು ಪರೀಕ್ಷಿಸಿ. ಟಿವಿಗೆಂದು ಚೌಕಕ್ಕೆ ಕತ್ತರಿಸಿದ ಹಳೆಯ ಪ್ರತಿಗಳಲ್ಲಿ ಅಂಚಿನಲ್ಲಿರುವ ಮೈಕೆಲ್‌ನೇ ಮಾಯ. ಪರದೆಯ ಮೇಲೆ ಕೆಳಗೆ ಕಪ್ಪು ಪಟ್ಟಿ ಇರಲೇಬೇಕು. ಟಿವಿ ಪ್ರಸಾರಕ್ಕಾಗಿ ಆಮೇಲೆ ಚಿತ್ರಿಸಿ ಸೇರಿಸಿದ ದೃಶ್ಯಗಳಿರುವ ಆವೃತ್ತಿಯನ್ನು ಬಿಡಿ, ಲಯ ಕೆಡುತ್ತದೆ. ಸಣ್ಣ ಪ್ರಬಂಧಕ್ಕೆ ಮೊದಲ ದೃಶ್ಯ ಮತ್ತು ಕತ್ತಲ ಬಾಗಿಲಿನ ಶಾಟ್, ಎರಡೇ ಸಾಕು. ಪ್ರತಿಯೊಂದನ್ನೂ ಒಮ್ಮೆ ಸದ್ದು ಆರಿಸಿ, ಒಮ್ಮೆ ಪರದೆಗೆ ಬೆನ್ನು ಹಾಕಿ ಬರೀ ಸದ್ದು ಕೇಳಿ, ಟಿಪ್ಪಣಿ ಮಾಡಿಕೊಳ್ಳಿ. ಸಿದ್ಧಾಂತಿಗಳ ಹೆಸರು ಆಮೇಲೆ ಬರಲಿ.