ಮೂಡಲ್ ಅಪ್‌ಗ್ರೇಡ್ ಮಾಡುವವರೇ, ಹಳೇ ಕೋರ್ಸ್ ಫೈಲ್‌ಗಳಿಗೆ ಕೈ ಹಚ್ಚಬೇಡಿ

ನಾನು ರಾಯಚೂರಿನ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಮ್ಮ ಪಾಠಗಳನ್ನು ಆನ್‌ಲೈನ್‌ನಲ್ಲಿ ಇಡೋದು ಮೂಡಲ್ ಅನ್ನೋ ತಂತ್ರಾಂಶದಲ್ಲಿ. ಆ ಸೈಟ್ 1.9 ಆವೃತ್ತಿಯ ಕಾಲದ್ದು, ಮುಂದೆ 2ಕ್ಕೆ ಏರಿಸಿದ್ದೆವು. ಕಳೆದ ಬೇಸಿಗೆ ರಜೆಯಲ್ಲಿ ಅದನ್ನು ಹೊಸ ಸರ್ವರ್‌ಗೆ, ಹೊಸ ಆವೃತ್ತಿಗೆ ಒಯ್ಯುವಾಗ ಕೂಡಿಟ್ಟ ಚಿತ್ರ, ಆಡಿಯೋಗಳನ್ನೆಲ್ಲ ಕಳೆದುಕೊಂಡೆ.

ಹೊಸ ಸರ್ವರ್‌ನಲ್ಲಿ ಜಾಗ ಕಮ್ಮಿ ಇತ್ತು. ಕೆಲಸ ವಹಿಸಿಕೊಂಡ ಹುಡುಗ ಒಂದು ಕೋರ್ಸ್ ತೆರೆದು 'ಲೆಗಸಿ ಕೋರ್ಸ್ ಫೈಲ್ಸ್' ಅನ್ನೋ ಜಾಗ ತೋರಿಸಿದ. "ಸರ್, ಇವೆಲ್ಲಾ ಹಳೇವು ಅದಾವ್ರಿ. ಪಾಠದಾಗ ಬ್ಯಾರೆ ಕಾಪಿ ಅದ. ತೆಗದು ಬಿಡ್ಲೇನ್ರಿ?" ಅಂದ. ಮೊದಲು ಒಂದೇ ಕೋರ್ಸ್‌ನಲ್ಲಿ ತೆಗೆಸಿ, ಐದಾರು ಪಿಡಿಎಫ್ ತೆರೆದು ನೋಡಿದೆ. ಎಲ್ಲ ತೆರೆದವು. "ಆಯ್ತು, ಎಲ್ಲಾ ತೆಗೀಪಾ" ಅಂದುಬಿಟ್ಟೆ.

ಆ ಪಿಡಿಎಫ್‌ಗಳೇ ನನ್ನನ್ನು ದಾರಿ ತಪ್ಪಿಸಿದ್ದು. 1.9ರಲ್ಲಿ ಒಂದು ಕೋರ್ಸ್‌ನ ಫೈಲ್‌ಗಳೆಲ್ಲ ಆ ಕೋರ್ಸ್ ನಂಬರಿನ ಫೋಲ್ಡರ್‌ನಲ್ಲಿ, ನಾವಿಟ್ಟ ಹೆಸರಿನಲ್ಲೇ ಇರುತ್ತಿದ್ದವು. 2010ರಲ್ಲಿ ಬಂದ 2.0 ಈ ಪದ್ಧತಿಯನ್ನೇ ಬದಲಿಸಿತು. ನೇರವಾಗಿ ಪಾಠವಾಗಿ ಹಾಕಿದ ಪಿಡಿಎಫ್ ಆ ಪಾಠದ ಸ್ವಂತ ಜಾಗಕ್ಕೆ ಹೋಯಿತು. ಆದರೆ ಪುಟದ ಬರಹದ ನಡುವೆ ಸೇರಿಸಿದ ಚಿತ್ರ, ಆಡಿಯೋಗಳ ಕೊಂಡಿಗಳು ಹಳೇ ದಾರಿಯನ್ನೇ ಹಿಡಿದು ಈ ಲೆಗಸಿ ಜಾಗಕ್ಕೇ ಬರುತ್ತವೆ. ಅಲ್ಲಿ ಅಳಿಸಿದರೆ ಅವಕ್ಕೆ ಬೇರೆ ಕಾಪಿ ಇಲ್ಲ.

ಇನ್ನೊಂದು ಮಾತು. ಜಾಗ ಉಳಿಸೋಕೆ ಅಂತ ಇದನ್ನು ಮಾಡಿದೆವಲ್ವಾ, ಅದೂ ಸುಮ್ನೆ. ಒಂದೇ ಫೈಲ್ ಹತ್ತು ಕಡೆ ಕಂಡರೂ ಮೂಡಲ್ ಡಿಸ್ಕ್‌ನಲ್ಲಿ ಇಡುವುದು ಒಂದೇ ಸಲ. ನಿಜವಾಗಿ ಕಾಪಿ ಇದ್ದದ್ದನ್ನು ಅಳಿಸಿದರೆ ಜಾಗ ಉಳಿಯುವುದಿಲ್ಲ. ಜಾಗ ಉಳಿಯಿತು ಅಂದರೆ, ಬೇರೆಲ್ಲೂ ಇಲ್ಲದ್ದು ಹೋಯಿತು ಅಂತಲೇ ಅರ್ಥ.

ನನ್ನ ಕಂಪ್ಯೂಟರಿನಲ್ಲಿ ಚಿತ್ರಗಳು ಆಮೇಲೂ ಕಾಣುತ್ತಿದ್ದವು, ಬ್ರೌಸರ್ ಹಳೇದನ್ನೇ ಇಟ್ಟುಕೊಂಡಿತ್ತು. ಕಾಲೇಜು ಶುರುವಾದ ಮೇಲೆ ಒಬ್ಬ ವಿದ್ಯಾರ್ಥಿನಿ ಮೊಬೈಲ್ ತಂದು ತೋರಿಸಿದಳು. ರಾಯಚೂರು ಕೋಟೆಯ 1294ರ ಶಾಸನದ ಪುಟ. ಆ ದೊಡ್ಡ ಕಲ್ಲನ್ನು ಬಂಡಿಯಲ್ಲಿ ಎಳೆದು ತಂದದ್ದನ್ನು ಕೆತ್ತಿದ್ದಾರಲ್ಲ, ಅದರ ಫೋಟೋ ಇರಬೇಕಾದ ಕಡೆ ಬರೀ ಖಾಲಿ ಚೌಕ. ಮಸ್ಕಿ ಶಾಸನದ ಪುಟವೂ ಹಾಗೇ. ಅಶೋಕನ ಹೆಸರಿರುವ ಸಾಲನ್ನು ಹತ್ತಿರದಿಂದ ತೆಗೆದ ಫೋಟೋ ಇಲ್ಲ. ಕೊಪ್ಪಳದ ಗವಿಮಠದ ಶಾಸನದ ಆಡಿಯೋನೂ ಇಲ್ಲ. ಆ ಶಾಸನವನ್ನು ನಮ್ಮ ಹಿರಿಯ ಮೇಷ್ಟ್ರು ಓದಿ ಅರ್ಥ ಹೇಳಿದ್ದನ್ನು ರೆಕಾರ್ಡ್ ಮಾಡಿ ಹಾಕಿದ್ದೆ. ಮೇಷ್ಟ್ರು ಈಗ ಇಲ್ಲ.

ಬ್ಯಾಕಪ್ ಇರಲಿಲ್ವಾ ಅಂತ ಕೇಳುತ್ತೀರಿ. ಡೇಟಾಬೇಸ್‌ನದ್ದು ಅಳಿಸುವ ಮುಂಚಿನದ್ದಿತ್ತು. ಫೈಲ್‌ಗಳೆಲ್ಲ ಇರುವ ಮೂಡಲ್‌ಡೇಟಾ ಫೋಲ್ಡರ್‌ನ ಕಾಪಿ ಮಾತ್ರ ಅಳಿಸಿದ ನಂತರದ್ದು. ಅಳಿಸಿದ್ದು ಸ್ವಲ್ಪ ಹೊತ್ತು ಕಸದ ಫೋಲ್ಡರ್‌ನಲ್ಲಿ ಇರುತ್ತದೆ, ಸರ್ವರ್ ತಾನಾಗಿ ಆಗಾಗ ಮಾಡುವ ಕೆಲಸ (ಕ್ರಾನ್) ಓಡಿದಾಗ ಅಲ್ಲಿಂದಲೂ ಹೋಗುತ್ತದೆ. ಉಳಿದ ಫೋಲ್ಡರ್ ತೆರೆದರೆ ಎರಡೆರಡು ಅಕ್ಷರದ ಹೆಸರಿನ ನೂರಾರು ಫೋಲ್ಡರ್‌ಗಳು, ಒಳಗೆ 40 ಅಕ್ಷರದ ಹೆಸರಿನ, ಎಕ್ಸ್‌ಟೆನ್ಶನ್ ಇಲ್ಲದ ಫೈಲ್‌ಗಳು. ಯಾವುದು ಯಾವುದೆಂದು ಹೇಳುವುದು ಡೇಟಾಬೇಸ್ ಒಂದೇ. ಹಳೇ ಡೇಟಾಬೇಸ್‌ನಲ್ಲಿ ಮೇಷ್ಟ್ರ ಆಡಿಯೋ ಸಿಕ್ಕಿತು: ಫೈಲ್ ಹೆಸರು, ಅದರ ಸೈಜ್, ಆ 40 ಅಕ್ಷರ. ಅದೇ 40 ಅಕ್ಷರ ಹಿಡಿದು ಫೋಲ್ಡರ್‌ನಲ್ಲಿ ಹುಡುಕಿದೆವು. ಅಲ್ಲಿ ಇಲ್ಲ.

ಹುಡುಗನ ತಪ್ಪು ಅನ್ನಲಾರೆ. ಅವನು ಕೇಳಿಯೇ ಮಾಡಿದ, ಹೂಂ ಅಂದವನು ನಾನು.

ನೀವು ಅಪ್‌ಗ್ರೇಡ್ ಮಾಡಿಸುವುದಿದ್ದರೆ ಡೇಟಾಬೇಸ್, ಮೂಡಲ್‌ಡೇಟಾ ಎರಡನ್ನೂ ಒಂದೇ ಹೊತ್ತಿಗೆ, ಏನನ್ನೂ ಅಳಿಸುವ ಮುಂಚೆ ಬೇರೆ ಡಿಸ್ಕ್‌ಗೆ ತೆಗೆದಿಡಿ. ಒಂದಿಲ್ಲದೆ ಇನ್ನೊಂದು ಪ್ರಯೋಜನಕ್ಕೆ ಬರುವುದಿಲ್ಲ. ಹಳೇ ಪುಟಗಳ ಕೊಂಡಿಗಳಲ್ಲಿ 'ಫೈಲ್ ಡಾಟ್ ಪಿಎಚ್‌ಪಿ' (file.php) ಅಂತ ಇದ್ದರೆ ಅವು ಇನ್ನೂ ಲೆಗಸಿ ಜಾಗವನ್ನೇ ನಂಬಿವೆ. ಅಂಥ ಚಿತ್ರಗಳನ್ನು ಆಯಾ ಪುಟದಲ್ಲೇ ಹೊಸದಾಗಿ ಸೇರಿಸಿ. ಬೇಜಾರಿನ ಕೆಲಸ, ಆದರೂ ಮಾಡಿ. ಪರೀಕ್ಷಿಸುವಾಗ ಬರೀ ಪಿಡಿಎಫ್ ನೋಡಬೇಡಿ. ಬೇರೆಯವರ ಮೊಬೈಲ್‌ನಲ್ಲಿ ಚಿತ್ರ ಇರುವ ಪುಟ ತೆರೆಸಿ.

ಲಿಂಗಸುಗೂರಿನ ಹಳೇ ವಿದ್ಯಾರ್ಥಿಯೊಬ್ಬರ ಪೆನ್‌ಡ್ರೈವ್‌ನಿಂದ ಮಸ್ಕಿಯ ಕೆಲವು ಫೋಟೋ ವಾಪಸ್ ಬಂದಿವೆ. ಗವಿಮಠದ ಆಡಿಯೋ ಇನ್ನೂ ಸಿಕ್ಕಿಲ್ಲ. ನಮ್ಮ ಕ್ಲಾಸಿನಲ್ಲಿ ಓದಿದವರು ಯಾರಾದರೂ ಇದನ್ನು ನೋಡಿದರೆ, ದಯವಿಟ್ಟು ನಿಮ್ಮ ಹಳೇ ಫೋನ್, ಮೆಮೊರಿ ಕಾರ್ಡ್ ಒಮ್ಮೆ ತೆರೆದು ನೋಡಿ.