ರೆಸಿಡೆಂಟ್ ಈವಿಲ್ 2 ರಿಮೇಕ್: ಇಷ್ಟು ವರ್ಷ ಆಡಿದ ಮೇಲೆ ಅದರ ಗ್ರಾಫಿಕ್ಸ್ ಬಗ್ಗೆ

2019ರ ಜನವರಿಯಲ್ಲಿ 1998ರ ಝಾಂಬಿ (ನಡೆದಾಡುವ ಹೆಣ) ಗೇಮನ್ನು ಹೊಸದಾಗಿ ಮಾಡಿದ ಈ ಗೇಮ್ ಬಂದಾಗ, ಎಲ್ಲಿ ನೋಡಿದರೂ ಅದರ ನಾಯಕ, ಹೊಸ ಪೊಲೀಸ್ ಲಿಯಾನ್‌ನ ಮುಖದ್ದೇ ಮಾತು. 1998ರ ಲಿಯಾನ್ ಒಂದು ಕಡೆ, ಹೊಸ ಲಿಯಾನ್ ಇನ್ನೊಂದು ಕಡೆ ಇಟ್ಟ ಫೋಟೋಗಳು ಲೆಕ್ಕವಿಲ್ಲದಷ್ಟು ಓಡಾಡಿದವು. ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ. ಅವತ್ತಿನಿಂದ ಇದನ್ನು ಅನ್‌ಇನ್‌ಸ್ಟಾಲ್ ಮಾಡುವುದು, ಮತ್ತೆ ಹಾಕಿಕೊಳ್ಳುವುದು ನಡೆದೇ ಇದೆ. ನಡುವೆ ಗ್ರಾಫಿಕ್ಸ್ ಕಾರ್ಡ್ ಬದಲಾಯಿತು, ಮಾನಿಟರ್ ಬದಲಾಯಿತು. ಈಗ ಕೇಳಿದರೆ, ಆ ಮುಖ ಎರಡು ದಿನಕ್ಕೇ ಅಭ್ಯಾಸವಾಗಿಬಿಡುತ್ತದೆ. ಇವತ್ತಿಗೂ ಹಳೆಯದು ಅನ್ನಿಸದೇ ಇರುವುದು ಇದರ ಬೆಳಕು, ಮತ್ತೆ ಝಾಂಬಿಗಳ ಮೈ.

ಹಳೆಯ ಗೇಮ್ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಪ್ಲೇಸ್ಟೇಷನ್‌ನಲ್ಲಿ ಎರಡು ಡಿಸ್ಕ್, ಒಂದು ಲಿಯಾನ್‌ಗೆ, ಇನ್ನೊಂದು ಎರಡನೇ ಮುಖ್ಯ ಪಾತ್ರ ಕ್ಲೇರ್‌ಗೆ. ಕಥೆ ನಡೆಯುವ ರಕೂನ್ ಸಿಟಿಯ ಪೊಲೀಸ್ ಸ್ಟೇಷನ್‌ನ ಕೋಣೆಗಳೆಲ್ಲ ಮೊದಲೇ ಕಂಪ್ಯೂಟರ್‌ನಲ್ಲಿ ರಚಿಸಿಟ್ಟ ಚಿತ್ರಗಳು. ಕ್ಯಾಮೆರಾ ಒಂದು ಮೂಲೆಯಲ್ಲಿ ಕೂತರೆ ಕೂತಿತು. ಆ ಚಿತ್ರದ ಮೇಲೆ ಓಡಾಡುವ ಪಾತ್ರ ಮಾತ್ರ ಪಾಲಿಗಾನ್, ಅಂದರೆ ಚಪ್ಪಟೆ ತುಂಡುಗಳನ್ನು ಜೋಡಿಸಿದ ತ್ರೀಡಿ ಆಕಾರ. ಕಣ್ಣು, ಬಾಯಿ ಎಲ್ಲ ಮುಖದ ಮೇಲೆ ಬರೆದದ್ದು. ಮಾತಾಡುವಾಗ ತುಟಿ ಅಲ್ಲಾಡುವುದಿಲ್ಲ, ಹಾಗಾಗಿ ಯಾರು ಮಾತಾಡುತ್ತಿದ್ದಾರೆ ಅಂತ ಗೊತ್ತಾಗಲು ತಲೆ, ಕೈ ಅಲ್ಲಾಡಿಸುತ್ತಿದ್ದರು. ಕೋಣೆಯ ಚಿತ್ರದಲ್ಲಿ ದೀಪ ಉರಿಯುತ್ತಿದ್ದರೂ ಅದರ ಬೆಳಕು ಲಿಯಾನ್ ಮೇಲೆ ಸರಿಯಾಗಿ ಬೀಳುತ್ತಿರಲಿಲ್ಲ. ಕ್ಯಾಲೆಂಡರ್ ಮೇಲೆ ಸ್ಟಿಕರ್ ಅಂಟಿಸಿದ ಹಾಗೆ. ಆದರೂ ಹೆದರಿಕೆ ಆಗುತ್ತಿತ್ತು. ಮೂಲೆಯ ಆಚೆ ಏನಿದೆ ಅಂತ ಆ ಕ್ಯಾಮೆರಾ ತೋರಿಸುತ್ತಲೇ ಇರಲಿಲ್ಲವಲ್ಲ!

ರಿಮೇಕ್‌ನಲ್ಲಿ ಎಲ್ಲವೂ ನಿಜವಾದ ತ್ರೀಡಿ. ಕ್ಯಾಮೆರಾ ಭುಜದ ಹಿಂದೆ. ಇದು ಆರ್‌ಇ ಎಂಜಿನ್ ಎಂಬ, ಗೇಮ್ ಕಟ್ಟುವ ಸಾಫ್ಟ್‌ವೇರ್‌ನ ಕೆಲಸ. ಈ ಗೇಮ್‌ಗಳನ್ನು ಮಾಡುವ ಕ್ಯಾಪ್ಕಾಮ್ ಕಂಪನಿ ಇದನ್ನು ಮೊದಲು ಹೊರತಂದದ್ದು 2017ರ ರೆಸಿಡೆಂಟ್ ಈವಿಲ್ 7ರಲ್ಲಿ. ಪಾತ್ರಗಳ ಮುಖಕ್ಕೆ ನಿಜವಾದ ಮನುಷ್ಯರನ್ನೇ ಸ್ಕ್ಯಾನ್ ಮಾಡುತ್ತಾರೆ. ಲಿಯಾನ್‌ಗೆ ಮುಖ ಕೊಟ್ಟವರು ಒಬ್ಬ ಮಾಡೆಲ್. ದನಿ ಮತ್ತು ಮೈಯ ಚಲನೆ ನಿಕ್ ಅಪೊಸ್ಟೊಲೈಡ್ಸ್ ಎಂಬ ನಟನದು. ಹೀಗೆ ಇಬ್ಬರನ್ನು ಸೇರಿಸಿ ಒಬ್ಬನನ್ನು ಮಾಡಿದ್ದರೂ ಎಲ್ಲೂ ಬೆಸುಗೆ ಕಾಣುವುದಿಲ್ಲ. ಕಥೆಯ ಪುಟ್ಟ ಹುಡುಗಿ ಶೆರ್ರಿಯ ಮುಖ ಮಾತ್ರ ನನಗೆ ಇವತ್ತಿಗೂ ಗೊಂಬೆಯ ಮುಖ ಅನ್ನಿಸುತ್ತದೆ.

ಮುಖಕ್ಕಿಂತ ಬೆಳಕು ಮುಖ್ಯ ಅಂತ ಸುಮ್ನೆ ಹೇಳುತ್ತಿಲ್ಲ. ಅದನ್ನು ಪರೀಕ್ಷೆ ಮಾಡಲು ಗೇಮ್‌ನಲ್ಲೇ ದಾರಿ ಇದೆ. 2019ರ ಮಾರ್ಚ್‌ನಲ್ಲಿ ಲಿಯಾನ್ ಮತ್ತು ಕ್ಲೇರ್‌ಗೆ '98ರ ಕಾಸ್ಟ್ಯೂಮ್ ಅಂತ ಉಚಿತವಾಗಿ ಕೊಟ್ಟರು. ಹೆಸರಿಗೆ ಬಟ್ಟೆ, ಹಾಕಿಕೊಂಡರೆ ಇಡೀ ಪಾತ್ರವೇ ಹಳೆಯ ಚೌಕಾಕಾರದ ಮೈಯದಾಗುತ್ತದೆ. ಮೊದಲ ಹತ್ತು ನಿಮಿಷ ನಗು ಬರುತ್ತದೆ. ಆಮೇಲೆ ಕರೆಂಟ್ ಇಲ್ಲದ ಕಾರಿಡಾರ್‌ಗೆ ಬರುತ್ತೀರಿ, ಟಾರ್ಚ್ ಹತ್ತುತ್ತದೆ, ದೂರದಿಂದ, ಬೆನ್ನು ಬಿಡದೆ ಅಟ್ಟಿಸಿಕೊಂಡು ಬರುವ ದೈತ್ಯ ಮಿಸ್ಟರ್ ಎಕ್ಸ್‌ನ ಬೂಟಿನ ಸದ್ದು. ನಗು ನಿಂತುಹೋಗುತ್ತದೆ. ಪಾತ್ರದ ಮುಖ ಇಪ್ಪತ್ತೊಂದು ವರ್ಷ ಹಿಂದಕ್ಕೆ ಹೋಗಿದೆ, ಆದರೂ ಭಯ ಒಂದಿಷ್ಟೂ ಕಡಿಮೆಯಾಗಿಲ್ಲ. ಪಾತ್ರದ ತ್ರೀಡಿ ರೂಪ ಒಂದನ್ನೇ ಚೆಂದ ಮಾಡಿ ರಿಮೇಕ್ ಅಂತ ಮಾರುವವರಿಗೆ ಇದನ್ನು ಆಡಿಸಬೇಕು.

ಇನ್ನು ಝಾಂಬಿಗಳು. 1998ರಲ್ಲೂ ಹತ್ತಿರದಿಂದ ಶಾಟ್‌ಗನ್ ಹೊಡೆದರೆ ಝಾಂಬಿ ಎರಡು ತುಂಡಾಗುತ್ತಿತ್ತು. ಇಲ್ಲಿ ಗುಂಡು ಬಿದ್ದ ಜಾಗದಲ್ಲೇ ಗಾಯವಾಗುತ್ತದೆ. ಮೊಣಕಾಲಿಗೆ ಹೊಡೆಯುತ್ತಾ ಹೋದರೆ ಕಾಲು ಕಳಚುತ್ತದೆ, ಅದು ತೆವಳುತ್ತಾ ಬರುತ್ತದೆ. ಕೆನ್ನೆಗೆ ಬಿದ್ದರೆ ಕೆನ್ನೆಯ ಮಾಂಸ ಹೋಗಿ ಹಲ್ಲು ಕಾಣುತ್ತದೆ. ಅಸಹ್ಯ ಹೌದು. ಆದರೆ ಇದು ಆಟಕ್ಕೂ ಬೇಕಾದದ್ದು. ಗುಂಡು ಎಣಿಸಿ ಖರ್ಚು ಮಾಡುವ ಗೇಮ್‌ನಲ್ಲಿ, ಯಾವುದಕ್ಕೆ ಎಷ್ಟು ಏಟು ಬಿದ್ದಿದೆ ಅಂತ ಅದರ ಮೈ ನೋಡಿಯೇ ಅಂದಾಜು ಮಾಡಬಹುದು. ಮಳೆಯಲ್ಲಿ ನೆನೆದು ಒಳಗೆ ಬಂದ ಲಿಯಾನ್‌ನ ಬಟ್ಟೆ ಒದ್ದೆಯಾಗಿ ಹೊಳೆಯುವುದೂ ಇದೇ ಜಾತಿಯದು. ಆಗಿದ್ದರ ಗುರುತು ಮೈ ಮೇಲೆ ಉಳಿಯುತ್ತದೆ.

ಬೇಜಾರಾಗುವ ವಿಷಯಗಳೂ ಇವೆ. ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ (ಪ್ರತಿಬಿಂಬ ತೋರಿಸುವ ಸೆಟ್ಟಿಂಗ್) ಆನ್ ಇದ್ದರೆ ಹೊಳೆಯುವ ನೆಲದ ಮೇಲೆಲ್ಲ ಕಾಳುಕಾಳಾಗಿ ಕಾಣುತ್ತದೆ. ಮೊದಲು ಅದನ್ನು ಆಫ್ ಮಾಡಿ. ಕೂದಲಿನ ಅಂಚಿನಲ್ಲೂ ಅದೇ ತರಹದ ಚುಕ್ಕೆಗಳು, ಅಂಚುಗಳನ್ನು ನಯ ಮಾಡುವ ಟಿಎಎ ಸೆಟ್ಟಿಂಗ್ ಹಾಕಿದರೆ ಸ್ವಲ್ಪ ವಾಸಿ. ದೂರದ ಝಾಂಬಿಗಳು ಕಡಿಮೆ ಫ್ರೇಮ್‌ನಲ್ಲಿ ತಡವರಿಸಿಕೊಂಡು ನಡೆಯುತ್ತವೆ. ಒಮ್ಮೆ ಗಮನಿಸಿದರೆ ಮುಗಿಯಿತು, ಆಮೇಲೆ ಕಣ್ಣು ಅಲ್ಲೇ ಹೋಗುತ್ತದೆ. ಹಗಲಲ್ಲಿ ಕಿಟಕಿ ತೆರೆದಿಟ್ಟು ಆಡಿದರೆ ಅರ್ಧ ಗೇಮ್ ಕಪ್ಪು ಪರದೆ, ಅದು ನೆನಪಿರಲಿ.

2022ರ ಜೂನ್‌ನಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕುವ ವಿಧಾನ) ಅಪ್‌ಡೇಟ್ ಬಂತು. ಪಿಸಿಯಲ್ಲಿ ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್ 12 ಬೇಕೇ ಬೇಕು ಅಂತಾಯಿತು. ಹಳೆಯ ಕಾರ್ಡ್ ಇದ್ದವರು ಗಲಾಟೆ ಮಾಡಿದ ಮೇಲೆ ಗೇಮ್ ಮಾರುವ ತಾಣ ಸ್ಟೀಮ್‌ನಲ್ಲಿ ಹಳೆಯ ಆವೃತ್ತಿಯನ್ನೂ ಬೀಟಾ ಆಯ್ಕೆಯಾಗಿ ಇಟ್ಟರು. ನಿಮ್ಮ ಕಂಪ್ಯೂಟರ್ ಹಳೆಯದಾದರೆ ಅದನ್ನೇ ಹಾಕಿಕೊಳ್ಳಿ, ಕಳೆದುಕೊಳ್ಳುವುದು ಜಾಸ್ತಿ ಏನಿಲ್ಲ. ರೇ ಟ್ರೇಸಿಂಗ್‌ನಿಂದ ಪ್ರತಿಬಿಂಬಗಳೇನೋ ಶುಭ್ರವಾದವು, ಆದರೆ 2019ರಲ್ಲಿ ಕೈಯಿಂದ ಕೂರಿಸಿದ ಬೆಳಕೇ ಸಾಕಷ್ಟು ಚೆನ್ನಾಗಿತ್ತು.

2020ರ ಮೂರನೇ ಭಾಗದ ರಿಮೇಕ್ ಬಗ್ಗೆ ಹೇಳಲು ಹೆಚ್ಚಿಲ್ಲ. ಅದರ ನಾಯಕಿ ಜಿಲ್‌ಳ ತ್ರೀಡಿ ರೂಪ ಅದ್ಭುತ, ಗೇಮ್ ಚಿಕ್ಕದು.

2023ರ ಮಾರ್ಚ್‌ನಲ್ಲಿ ಬಂದ ರೆಸಿಡೆಂಟ್ ಈವಿಲ್ 4 ರಿಮೇಕ್ ಮಾತ್ರ ಬೇರೆ ಮಟ್ಟ. ಮೊದಲೆಲ್ಲ 1998ರ ಲಿಯಾನ್ ಮತ್ತು 2005ರ ಹಳೆಯ ನಾಲ್ಕನೇ ಗೇಮ್‌ನ ಲಿಯಾನ್ ಇಬ್ಬರೂ ಒಬ್ಬನೇ ಅಂತ ಗುರುತು ಸಿಗುತ್ತಿದ್ದದ್ದೇ ಆ ಮುಂಗೂದಲಿನಿಂದ. ಈಗ ಮುಖದಿಂದಲೇ ಗೊತ್ತಾಗುತ್ತದೆ. ಕಥೆಯಲ್ಲಿ 1998ರಿಂದ 2004ಕ್ಕೆ ಬಂದಿದ್ದೇವೆ. ಅದೇ ಮುಖ, ಆದರೆ ಕಣ್ಣ ಸುತ್ತ ದಣಿವಿದೆ, ದವಡೆ ಬಿಗಿಯಾಗಿದೆ. ಮೊದಲ ಕೆಲಸದ ದಿನವೇ ಊರು ಹಾಳಾದದ್ದನ್ನು ನೋಡಿದ ಹುಡುಗ ಇವನೇ ಅಂತ ನಂಬಿಕೆ ಬರುತ್ತದೆ. ಮುಖಕ್ಕೆ ಖರ್ಚು ಮಾಡಿದ್ದು ನಿಜವಾಗಿ ಕೆಲಸಕ್ಕೆ ಬಂದದ್ದು ಇಲ್ಲಿ, ಎರಡು ಗೇಮ್‌ಗಳ ನಡುವೆ. ಇನ್ನೊಂದು ವಿಷಯ: ಸ್ಟೇಷನ್‌ನ ಕತ್ತಲೆ ಎಷ್ಟೋ ಕೊರತೆಗಳನ್ನು ಮುಚ್ಚುತ್ತಿತ್ತು. ರೆಸಿಡೆಂಟ್ ಈವಿಲ್ 4ರ ಹಳ್ಳಿ ಶುರುವಾಗುವುದೇ ಹಗಲಲ್ಲಿ. ಮೋಡದ ಬೆಳಕಿನಲ್ಲಿ ಮುಖ ನಿಲ್ಲಬೇಕು, ನಿಂತಿದೆ. ಲಿಯಾನ್ ಕಾಪಾಡಬೇಕಾದ ಆಶ್ಲಿಯೂ 2005ರಲ್ಲಿ ಕೂಗುವ ಹೊರೆಯಷ್ಟೇ ಆಗಿದ್ದಳು, ಈಗ ಹೆದರಿಕೊಂಡೂ ಧೈರ್ಯ ತಂದುಕೊಳ್ಳುವ ಹುಡುಗಿಯಾಗಿ ಕಾಣುತ್ತಾಳೆ. ಪಿಸಿಯಲ್ಲಿ ಹೇರ್ ಸ್ಟ್ರ್ಯಾಂಡ್ಸ್ ಅಂತ ಒಂದು ಆಯ್ಕೆ ಇದೆ. ಆನ್ ಮಾಡಿದರೆ ಲಿಯಾನ್ ಕೂದಲು ಎಳೆಎಳೆಯಾಗಿ ಹಾರಾಡುತ್ತದೆ, ಕಾರ್ಡ್ ಬಿಸಿಯಾಗುತ್ತದೆ. ಶಾಂಪೂ ಜಾಹೀರಾತಿಗೆ ಚೆನ್ನ. ನಾನು ಆಫ್ ಮಾಡಿಯೇ ಆಡುತ್ತೇನೆ.

ಕೊಳ್ಳಬೇಕೇ ಅಂತ ಕೇಳಿದರೆ, 2 ಮತ್ತು 4ರ ರಿಮೇಕ್ ಎರಡನ್ನೂ ಕೊಳ್ಳಿ, ಸ್ಟೀಮ್ ಸೇಲ್‌ವರೆಗೆ ಕಾಯಿರಿ. ರೆಸಿಡೆಂಟ್ ಈವಿಲ್ 2 ಮುಗಿಸಿ ಆಮೇಲೆ ನಾಲ್ಕಕ್ಕೆ ಹೋಗಿ, ಇಲ್ಲದಿದ್ದರೆ ಲಿಯಾನ್ ಮುಖದ ಆ ಬದಲಾವಣೆ ತಟ್ಟುವುದಿಲ್ಲ. 1998ರದ್ದನ್ನೂ ನೋಡುವ ಆಸೆ ಇದ್ದರೆ 2024ರಿಂದ ಅದು ಜಿಒಜಿ ಎಂಬ ಗೇಮ್ ಮಾರುವ ತಾಣದಲ್ಲಿ ಸಿಗುತ್ತಿದೆ, ಈಗಿನ ವಿಂಡೋಸ್‌ನಲ್ಲೂ ನಡೆಯುತ್ತದೆ. ರಿಮೇಕ್‌ಗಳ ಮೆನುವಿನಲ್ಲಿ ವೀಡಿಯೊ ಮೆಮೊರಿಯ (ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿ) ಅಳತೆಪಟ್ಟಿ ಕೆಂಪಾಯಿತು ಅಂತ ಗಾಬರಿ ಬೇಡ, ಅದು ಸ್ವಲ್ಪ ಜಾಸ್ತಿಯೇ ಹೆದರಿಸುತ್ತದೆ. ಟೆಕ್ಸ್ಚರ್ (ಮೇಲ್ಮೈ ಚಿತ್ರಗಳ ಗುಣಮಟ್ಟ) ಒಂದು ಹಂತ ಇಳಿಸಿ ಆಡಿ.