ಕರೆಂಟ್ ಹೋಗಿ ಬಂದರೆ ಕೊಂಡ ಸಿನಿಮಾ ಓಡಲ್ಲ: ಡಿಜಿಟಲ್ ಖರೀದಿ, ಬಹುದಿನದ ಬಳಕೆಯ ನಂತರ

ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ಸಿನಿಮಾ ಕೊಂಡು, ಟಿವಿಗೆ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿ ನೋಡುವವರಿಗೆ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಕಾಡುವ ದೊಡ್ಡ ಕಾಟ ಒಂದೇ. ಕರೆಂಟ್ ಹೋಗಿ ಬಂದ ಮೇಲೆ ಸಿನಿಮಾ ಹಾಕಿದರೆ ಮಾತು ಕೇಳಿಸುತ್ತದೆ, ಚಿತ್ರ ಬರುವುದಿಲ್ಲ. ಇಲ್ಲವೇ ಎಚ್‌ಡಿಸಿಪಿ ದೋಷ ಅಂತ ಒಂದು ಸಾಲು ಬಂದು ನಿಂತುಬಿಡುತ್ತದೆ. ಅದೇ ಟಿವಿ, ಅದೇ ಸ್ಟಿಕ್‌ನಲ್ಲಿ ಯೂಟ್ಯೂಬ್‌ನ ಪುಕ್ಕಟೆ ವಿಡಿಯೋ ಸಲೀಸಾಗಿ ಓಡುತ್ತಿರುತ್ತದೆ. ಸಿಟ್ಟು ಬರುವುದು ಅದಕ್ಕೇ.

ಎಚ್‌ಡಿಸಿಪಿ ಅಂದರೆ ಇಂಟೆಲ್ ರೂಪಿಸಿದ ನಕಲು ತಡೆ. ಎಚ್‌ಡಿಎಂಐ ಕೇಬಲ್‌ನ ಎರಡೂ ತುದಿಯ ಸಾಧನಗಳು ಪರಸ್ಪರ ಕೀಲಿ ತಾಳೆ ಹಾಕಿಕೊಂಡರೆ ಮಾತ್ರ ಚಿತ್ರ ಬಿಡುತ್ತದೆ. ಕರೆಂಟ್ ಬಂದ ಕೂಡಲೇ, ಅಡಾಪ್ಟರ್‌ಗೆ ಸಿಕ್ಕಿಸಿದ ಸ್ಟಿಕ್ ತಾನಾಗಿಯೇ ಆನ್ ಆಗುತ್ತದೆ. ಟಿವಿ ಇನ್ನೂ ಸ್ಟ್ಯಾಂಡ್‌ಬೈನಲ್ಲೇ ಇರುತ್ತದೆ. ಕೇಳಿದ್ದಕ್ಕೆ ಉತ್ತರ ಸಿಗದೆ ತಾಳೆ ಕೆಡುತ್ತದೆ, ಆಮೇಲೆ ಟಿವಿ ಹಾಕಿದರೂ ಕೆಲವೊಮ್ಮೆ ಸರಿಹೋಗುವುದಿಲ್ಲ.

ಹಾಗಾಗಿ ಕರೆಂಟ್ ಬಂದಾಗಲೆಲ್ಲ ಒಂದು ಕ್ರಮ ಪಾಲಿಸಬೇಕು. ಸ್ಟಿಕ್‌ನ ಅಡಾಪ್ಟರ್ ಸ್ವಿಚ್ ಆರಿಸಿ ಮೊದಲು ಟಿವಿ ಹಾಕಿ, ಅದರ ಹೋಮ್ ಪರದೆ ಪೂರ್ತಿ ಬರುವವರೆಗೆ ಕಾಯಿರಿ. ನಂತರ ಟಿವಿಯನ್ನು ಎಚ್‌ಡಿಎಂಐ ಇನ್‌ಪುಟ್‌ಗೆ ಬದಲಿಸಿ, ಕೊನೆಗೆ ಸ್ಟಿಕ್‌ಗೆ ಕರೆಂಟ್ ಕೊಡಿ. ಅಷ್ಟಕ್ಕೂ ಬಗ್ಗದಿದ್ದರೆ ಎರಡನ್ನೂ ಆರಿಸಿ, ಸ್ಟಿಕ್ಕನ್ನು ಎಚ್‌ಡಿಎಂಐ ಕಿಂಡಿಯಿಂದಲೂ ಕಿತ್ತು, ಅರ್ಧ ನಿಮಿಷ ಬಿಟ್ಟು ಸಿಕ್ಕಿಸಿ. ಟಿವಿಯ ಯುಎಸ್‌ಬಿ ಕಿಂಡಿಯಿಂದ ಸ್ಟಿಕ್‌ಗೆ ಕರೆಂಟ್ ಕೊಡಬೇಡಿ. ಬಹಳಷ್ಟು ಟಿವಿಗಳಲ್ಲಿ ಅದು ಸಾಲದೆ ಸ್ಟಿಕ್ ಮಧ್ಯದಲ್ಲೇ ರೀಸ್ಟಾರ್ಟ್ ಆಗುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಮೇಲಿನ ಯುಪಿಎಸ್/ನಾರ್ಮಲ್ ಸ್ವಿಚ್ ನೋಡಿ. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗುವುದು ನಿಧಾನ, ಅಷ್ಟರಲ್ಲಿ ಟಿವಿ, ಸ್ಟಿಕ್ ಎರಡೂ ಬಂದ್. ಯುಪಿಎಸ್‌ನಲ್ಲಿ ಇಟ್ಟರೆ ಸಾಮಾನ್ಯವಾಗಿ ಸಿನಿಮಾ ನಿಲ್ಲುವುದಿಲ್ಲ. ಆದರೆ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಆ ಮೋಡ್ ಬ್ಯಾಟರಿಗೆ ಹೋಗಿಬಿಡುತ್ತದೆ. ಬೇಸಿಗೆಯಲ್ಲಿ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ಹಳ್ಳಿಗಳಲ್ಲಿ ವೋಲ್ಟೇಜ್ ಇಳಿಯುವುದು ಮಾಮೂಲು, ಬ್ಯಾಟರಿ ಬೇಗ ಖಾಲಿ. ಸಿನಿಮಾ ನೋಡುವಾಗ ಮಾತ್ರ ಯುಪಿಎಸ್‌ಗೆ ಹಾಕಿ, ಮುಗಿದ ಮೇಲೆ ನಾರ್ಮಲ್‌ಗೆ ತನ್ನಿ.

4ಕೆ, ಅಂದರೆ ಎಚ್‌ಡಿಗಿಂತ ಸ್ಪಷ್ಟವಾದ ಪ್ರತಿ, ಕೊಂಡವರಿಗೆ ಇನ್ನೊಂದು ಮಾತು. 4ಕೆ ಬರಲು ಸ್ಟಿಕ್‌ನಿಂದ ಟಿವಿವರೆಗೆ ನಡುವಿನ ಎಲ್ಲವೂ ಎಚ್‌ಡಿಸಿಪಿ 2.2 ಒಪ್ಪಬೇಕು. ಹಳೆಯ ಸೌಂಡ್‌ಬಾರ್ ಮೂಲಕ ಚಿತ್ರ ಹಾಯಿಸಿದರೆ 1080ಕ್ಕೆ, ಅಂದರೆ ಎಚ್‌ಡಿಗೆ, ಇಳಿಯುತ್ತದೆ, ಇಲ್ಲವೇ ಕಪ್ಪಾಗುತ್ತದೆ. ಸ್ಟಿಕ್ ನೇರ ಟಿವಿಗೆ ಹಾಕಿ, ಶಬ್ದವನ್ನು ಮಾತ್ರ ಟಿವಿಯ ಎಆರ್‌ಸಿ (ಶಬ್ದ ಹೊರಗೆ ಕಳಿಸುವ ಎಚ್‌ಡಿಎಂಐ) ಕಿಂಡಿಯಿಂದ ಸೌಂಡ್‌ಬಾರ್‌ಗೆ ಕೊಡಿ.

ಸೆಕೆ ರಾತ್ರಿಗಳಲ್ಲಿ ಮಾಳಿಗೆ ಮೇಲೆ ಪ್ರೊಜೆಕ್ಟರ್ ಇಡುವವರು ಹುಷಾರು. ಆಂಡ್ರಾಯ್ಡ್ ಒಳಗೇ ಇರುವ ಅಗ್ಗದ ಪ್ರೊಜೆಕ್ಟರ್‌ಗಳಲ್ಲಿ ಬಹಳಷ್ಟಕ್ಕೆ ಗೂಗಲ್‌ನ ನಕಲು ತಡೆ ವೈಡ್‌ವೈನ್‌ನ ಮೇಲಿನ ಮಟ್ಟ ಎಲ್1 ಇರುವುದಿಲ್ಲ, ಕೆಳಗಿನ ಮಟ್ಟ ಎಲ್3 ಇರುತ್ತದೆ. ಎಚ್‌ಡಿ ದರ ಕೊಟ್ಟರೂ ಸಾಮಾನ್ಯವಾಗಿ ಸಿಗುವುದು 480 ಗೆರೆಯ ಮಸುಕು ಚಿತ್ರ. ಡಿಆರ್‌ಎಂ ಇನ್ಫೋ ಆ್ಯಪ್ ಹಾಕಿ ಸೆಕ್ಯುರಿಟಿ ಲೆವೆಲ್ ನೋಡಿದರೆ ಗೊತ್ತಾಗುತ್ತದೆ. ಫೋನ್‌ನ ಪರದೆಯನ್ನೇ ಮಿರರ್ ಮಾಡುವುದು ಕೆಲಸಕ್ಕೆ ಬಾರದು. ಡೌನ್‌ಲೋಡ್ ಮಾಡಿದ್ದೂ ಆ್ಯಪ್ ಒಳಗೇ ಉಳಿಯುತ್ತದೆ, ಪೆನ್‌ಡ್ರೈವ್‌ಗೆ ಹಾಕಿ ಟಿವಿಯಲ್ಲಿ ನೋಡಲಾಗದು.

ಇಷ್ಟೆಲ್ಲ ಬೈದರೂ ಒಂದನ್ನು ಒಪ್ಪಲೇಬೇಕು. ಜೋಡಣೆ ಸರಿಹೋದ ರಾತ್ರಿ ಆ ಚಿತ್ರದ ಅಂದವೇ ಬೇರೆ. ಕತ್ತಲೆ ದೃಶ್ಯದಲ್ಲಿ ಮುಖದ ಬೆವರು ಸಹ ಕಾಣುತ್ತದೆ, ಹಿನ್ನೆಲೆಯ ಪಿಸುಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಟೆಲಿಗ್ರಾಂನಲ್ಲಿ ಹರಿದಾಡುವ ಕದ್ದ ಪ್ರತಿಯಲ್ಲಿ ಇದು ಸಿಗದು. ಸಿನಿಮಾ ಮಾಡಿದವರಿಗೆ ದುಡ್ಡು ಮುಟ್ಟಬೇಕು ಅನ್ನುವುದರಲ್ಲೂ ನನಗೆ ಎರಡು ಮಾತಿಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಸಹ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದವರಿಗೆ 2 ವರ್ಷದವರೆಗೆ ಸಜೆ, ದಂಡ ಹೇಳುತ್ತದೆ. ಆದರೆ ಈ ಬೀಗ ದಿನನಿತ್ಯ ಕಾಡುತ್ತಿರುವುದು ದುಡ್ಡು ಕೊಟ್ಟವರನ್ನು.

ಕೊಂಡ ಸಿನಿಮಾ ಸದಾ ಉಳಿಯುತ್ತದೆ ಅನ್ನುವ ಭರವಸೆಯೂ ಇಲ್ಲ. ಕೊಂಡ ಸಿನಿಮಾಗಳ ಲೆಕ್ಕವನ್ನು ಆನ್‌ಲೈನ್‌ನಲ್ಲಿ ಇಡುತ್ತಿದ್ದ, ಅಮೆರಿಕದ ಸ್ಟುಡಿಯೋಗಳ ಬೆಂಬಲವಿದ್ದ ಅಲ್ಟ್ರಾವಯಲೆಟ್ ಸೇವೆಯೇ 2019ರ ಜುಲೈ 31ಕ್ಕೆ ಬಾಗಿಲು ಮುಚ್ಚಿತು. ಅದಕ್ಕೇ ಪೂರ್ತಿ ಬೆಲೆ ಕೊಡುವ ಮೊದಲು ಅದೇ ಅಂಗಡಿಯಲ್ಲಿ ಒಂದು ಸಿನಿಮಾ ಬಾಡಿಗೆಗೆ ಪಡೆಯಿರಿ. ಸಾಮಾನ್ಯವಾಗಿ ಶುರು ಮಾಡಲು 30 ದಿನ, ಶುರುವಾದ ಮೇಲೆ 48 ಗಂಟೆ ಸಿಗುತ್ತದೆ. ಆ ಅವಧಿಯಲ್ಲಿ ನಿಮ್ಮ ಟಿವಿ, ಸೌಂಡ್‌ಬಾರ್, ಪ್ರೊಜೆಕ್ಟರ್ ಎಲ್ಲದರಲ್ಲೂ ಹಾಕಿ ನೋಡಿ, ಒಮ್ಮೆ ಮೇನ್ ಸ್ವಿಚ್ ಆರಿಸಿ ಹಾಕಿಯೂ ನೋಡಿ. ಆಗಲೂ ಚಿತ್ರ ಬಂದರೆ ಮಾತ್ರ ಕೊಳ್ಳಿ.